ಬೆನ್ನು ತಿರುಗಿಸಿ ಕಲಿಸಿದ ಮಾಸ್ತರರು

ದಸ್ತಗೀರಸಾಬ ಮಾಸ್ತರರು ಮನುಷ್ಯರನ್ನು ಮಾತನಾಡಿಸುವ ಮೊದಲು ಕುರ್ಚಿಗಳನ್ನು ಮಾತನಾಡಿಸುತ್ತಿದ್ದರು. ಸೈಕಲ್ಲನ್ನು ಗೋಡೆಗೆ ಆನಿಸಿ ಪಡಸಾಲೆಗೆ ಬಂದವರೇ, ಸಾಲಾಗಿ ಇಟ್ಟ ಹದಿನಾಲ್ಕು ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಎರಡೂ ಕೈಯಿಂದ ಹಿಡಿದು ಅಲುಗಾಡಿಸುವರು. ಆಮೇಲೆ ಅದರ ಮೇಲೆ ಕುಳಿತು, ಎದ್ದು, ಮತ್ತೊಮ್ಮೆ ಕುಳಿತು ನೋಡುವರು. ಕಾಲು ಕುಂಟುವ ಕುರ್ಚಿ ಸಿಕ್ಕಿತೋ, ಅದನ್ನು ಎತ್ತಿಕೊಂಡು ಹೋಗಿ ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಬರುವರು, ಸಾಲೆಯಲ್ಲಿ ಪಾಠ ಒಪ್ಪಿಸದ ಹುಡುಗನನ್ನು ನಿಲ್ಲಿಸುವ ಹಾಗೆ. ಇಷ್ಟೆಲ್ಲ ಆದ ಮೇಲೆ ನನ್ನ ಕಡೆ ತಿರುಗಿ, "ಹೂಂ, ಇನ್ನ ಮಂದೀನ ಕರೀರಿ ಬಾಯಾರ" ಅನ್ನುವರು.

ಮಂದಿ ಎಂದರೆ 'ಮುದುಕರ ಮನಿ'ಯ ಮಂದಿ. ಬೋರ್ಡಿನ ಮೇಲೆ ಬೇರೆ ಏನೋ ದೊಡ್ಡ ಹೆಸರಿತ್ತು. ಅದನ್ನು ಓದುವವರೂ ಇರಲಿಲ್ಲ, ಹಾಗೆ ಕರೆಯುವವರೂ ಇರಲಿಲ್ಲ. ವಿಜಾಪುರದಿಂದ ತೊರವಿಗೆ ಹೋಗುವ ದಾರಿಯಲ್ಲಿ ಊರಿನ ಕೆಲವು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ವಸತಿ ಅದು. ನೋಡಿಕೊಳ್ಳುವವರಿಲ್ಲದ ಇಪ್ಪತ್ತಾರು ಜನ ಅಲ್ಲಿದ್ದರು. ರಾಜ್ಯ ಒಂದಾಗಿ ಮೂರು ವರ್ಷವಾಗಿತ್ತು. ನಾನು ತಿಕೋಟಾದವಳು, ಆಗತಾನೆ ನರ್ಸ್ ತರಬೇತಿ ಮುಗಿಸಿ ಮೊದಲ ಕೆಲಸಕ್ಕೆಂದು ಅಲ್ಲಿ ಸೇರಿದ್ದೆ. ನನ್ನ ಅರ್ಧ ವಯಸ್ಸು ಕೂಡ ನನಗಿಲ್ಲ ಎಂಬಂತೆ ಮುದುಕರು ನನ್ನನ್ನು ನೋಡುತ್ತಿದ್ದರು.

ಆ ಮನೆಗೆ ಎರಡು ಭಾಗ. ಮುಂದೆ ರಸ್ತೆಗೆ ಮುಖ ಮಾಡಿದ ಪಡಸಾಲೆ. ಅಲ್ಲಿ ಗಾಳಿ, ಬೆಳಕು, ಜಗಳ ಎಲ್ಲ ಇತ್ತು. ಹಿಂದೆ ಒಂದು ಉದ್ದನೆಯ ಕೋಣೆ. ತಾವಾಗಿ ಎದ್ದು ಊಟದ ಪಂಕ್ತಿಗೆ ಬರಲಾಗದವರನ್ನು ಅಲ್ಲಿಗೆ ಹಾಕುತ್ತಿದ್ದರು. ಪ್ರತಿ ತಿಂಗಳ ಮೊದಲಿಗೆ ನಾಲ್ಕು ಜನ ಪಂಚರು ಬಂದು, ಯಾರು ಮುಂದೆ, ಯಾರು ಹಿಂದೆ ಎಂದು ನೋಡಿ ಹೇಳಿ ಹೋಗುವರು. ಹಿಂದಿನ ಕೋಣೆಗೆ ಹೋದವರು ನಡೆದು ಮುಂದೆ ಬಂದದ್ದನ್ನು ನಾನು ಕಾಣಲಿಲ್ಲ. ಅಲ್ಲಿಯವರನ್ನು ಎತ್ತಿ ಕೂಡಿಸುವುದಕ್ಕೆ, ಎತ್ತಿ ಮೀಯಿಸುವುದಕ್ಕೆ ಒಬ್ಬ ಗಂಡಾಳು ಇದ್ದ. ಕೆಟ್ಟವನಲ್ಲ. ಆದರೆ ಬದುಕೆಲ್ಲ ಚೀಲ ಹೊತ್ತವನು, ಮನುಷ್ಯರನ್ನೂ ಹಾಗೆಯೇ ಎತ್ತುತ್ತಿದ್ದ.

ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರರು, ಇವರೆಲ್ಲ ದಿನವಿಡೀ ಕುಳಿತೇ ಕೆಡುತ್ತಿದ್ದಾರೆ, ಯಾರಾದರೂ ಕೈಕಾಲು ಆಡಿಸಲು ಕಲಿಸಿದರೆ ಒಳ್ಳೆಯದು ಎಂದರು. ಮ್ಯಾನೇಜರರು ವಿಚಾರ ಮಾಡಿ, ಕೈಕಾಲು ಆಡಿಸುವುದೆಂದರೆ ಡ್ರಿಲ್ಲು, ಡ್ರಿಲ್ಲೆಂದರೆ ದಸ್ತಗೀರಸಾಬರು ಎಂದು ನಿಶ್ಚಯಿಸಿದರು. ಮಾಸ್ತರರು ಸಾಲೆಯಲ್ಲಿ ಇಪ್ಪತ್ತೆಂಟು ವರ್ಷ ಡ್ರಿಲ್ ಕಲಿಸಿ ನಿವೃತ್ತರಾಗಿ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರದ ಮನೆಯಲ್ಲಿದ್ದರು. ಮನೆಯಲ್ಲಿ ಸೊಸೆಯಂದಿರಿಗೆ ನೀರು ಸೇದುವ ಸರಿಯಾದ ಭಂಗಿ ಹೇಳಿಕೊಡಲು ಆರಂಭಿಸಿದ್ದರಂತೆ. ಮ್ಯಾನೇಜರರು ಕೇಳಲು ಹೋದಾಗ ಮಾಸ್ತರರಿಗಿಂತ ಮೊದಲು ಅವರ ಹೆಂಡತಿಯೇ ಒಳಗಿನಿಂದ, "ಬರತಾರ, ಬರತಾರ, ನಾಳಿಂದನ ಬರತಾರ" ಎಂದರಂತೆ.

ಮೊದಲ ದಿನ ಅವರು ಸೀಟಿ ತಂದಿದ್ದರು. ಎಂಟು ಜನ ಗಂಡಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, "ದಾಹಿನೇ ಮುಡ್" ಎಂದರು. ಹೊನವಾಡದ ರಾಚಪ್ಪಜ್ಜ ಬಲಕ್ಕೆ ತಿರುಗಿದರು. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು-ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಆದರೆ ಬಲಗೈ ಯಾವುದೆಂದು ಗೊತ್ತಿತ್ತು. ಪಕ್ಕದವರಿಗೆ ಕಣ್ಣು ಕಾಣುತ್ತಿತ್ತು, ಬಲಗೈ ಯಾವುದೆಂಬ ಬಗ್ಗೆ ಬೇರೆ ಅಭಿಪ್ರಾಯವಿತ್ತು. ಇಬ್ಬರೂ ಹಣೆಗೆ ಹಣೆ ಬಡಿದುಕೊಂಡರು. ರಾಚಪ್ಪಜ್ಜ ಹಿಂದಕ್ಕೆ ಜೋಲಿ ಹೊಡೆದು ನೆಲಕ್ಕೆ ಕುಳಿತರು.

ಎಲುಬು ಮುರಿದಿರಲಿಲ್ಲ. ರಾಚಪ್ಪಜ್ಜ ಕುಳಿತಲ್ಲಿಂದಲೇ, "ಮುಂದ ಏನ ಮಾಡೂದ್ರಿ ಮಾಸ್ತರ?" ಎಂದು ಕೇಳಿದರು. ಮಾಸ್ತರರ ಮುಖ ಮಾತ್ರ ಸುಣ್ಣದ ಹಾಗೆ ಬಿಳುಪೇರಿತ್ತು. ಸೀಟಿಯನ್ನು ಜೇಬಿಗೆ ಹಾಕಿದರು. ಮತ್ತೆ ಅದನ್ನು ನಾನು ನೋಡಲಿಲ್ಲ.

ಮರುದಿನ ಬಂದು ನನ್ನನ್ನು ಕೂಡಿಸಿಕೊಂಡು, "ಬಾಯಾರ, ನಾ ಬಬಲೇಶ್ವರದಾಗ ಹುಟ್ಟಿ ಬೆಳದಾಂವ. ನಮ್ಮ ತಾಲೀಮಿನ್ಯಾಗ ಮೊದಲ ಬೀಳೂದ ಕಲಸತಿದ್ರು, ಆಮ್ಯಾಲ ಕುಸ್ತಿ. ನಾ ಅದನ್ನ ಮರತು ಇವರಿಗೆ ಒಮ್ಮೆಲೇ ಕುಸ್ತಿ ಹಚ್ಚಿದೆ. ತಪ್ಪ ನಂದು" ಎಂದರು. ಇಷ್ಟು ಹೇಳಿ ಕುರ್ಚಿಗಳನ್ನು ಅಲುಗಾಡಿಸಲು ಎದ್ದುಹೋದರು. ಕುರ್ಚಿಯ ಪದ್ಧತಿ ಆರಂಭವಾದದ್ದು ಅಂದಿನಿಂದ.

ಆಮೇಲೆ ಅವರ ಕಾಯಿದೆಗಳು ಒಂದೊಂದೇ ಬಂದವು. ಹಿಡಿದುಕೊಳ್ಳಲು ಏನಾದರೂ ಇಲ್ಲದೆ ಯಾರೂ ನಿಲ್ಲಬಾರದು. ಬರಿಹೊಟ್ಟೆಯಲ್ಲಿ ಯಾರೂ ಬರಬಾರದು. ತಲೆ ತಿರುಗುತ್ತದೆ ಎಂದವರು ಆ ದಿನ ಕುಳಿತು ನೋಡಬೇಕು, ನೋಡುವುದೂ ಹಾಜರಿಯೇ. ಎಲ್ಲಕ್ಕಿಂತ ಮುಖ್ಯ ಕಾಯಿದೆ ಎಂದರೆ, ಕೈಕಾಲು ಆಡಿಸುತ್ತಿರುವಾಗ ಮಾತನಾಡಲು ಬರಬೇಕು. ಮಾತು ತುಂಡಾಯಿತೆಂದರೆ ಉಸಿರಿಗೆ ಭಾರವಾಗಿದೆ, ನಿಲ್ಲಿಸಬೇಕು. ಇದನ್ನು ಪರೀಕ್ಷಿಸಲು ಅವರು ಪ್ರತಿಯೊಬ್ಬರ ಮುಂದೆ ನಿಂತು, "ನಿನ್ನಿ ಊಟ ಹ್ಯಾಂಗಿತ್ರಿ?" ಎಂದು ಕೇಳುವರು. "ಬ್ಯಾಳಿ ನೀರಾಗಿತ್ತು, ರೊಟ್ಟಿ ಹಸೀ ಇತ್ತು, ಖಾರದಾಗ ಉಪ್ಪ ಹೆಚ್ಚಾಗಿತ್ತು" ಎಂದು ಒಂದೇ ಉಸಿರಿಗೆ ಹೇಳಿದವರು ಪಾಸು. "ಬ್ಯಾಳಿ..." ಎಂದು ನಿಂತವರಿಗೆ ವಿಶ್ರಾಂತಿ. ಹೀಗಾಗಿ ಅಡುಗೆಯ ದೂರುಗಳು ದಿನಾ ಬೆಳಿಗ್ಗೆ ಇಡೀ ರಸ್ತೆಗೆ ಕೇಳುವಂತೆ ಹೊರಬೀಳತೊಡಗಿದವು. ಮ್ಯಾನೇಜರರು, ಬೇರೆ ಏನಾದರೂ ಕೇಳಬಾರದೇ ಎಂದರು. ಮಾಸ್ತರರು ಗಂಭೀರವಾಗಿ, "ಬ್ಯಾರೆ ಯಾವ ವಿಷಯದಾಗೂ ಇವರಿಗೆ ಇಷ್ಟ ಉದ್ದ ಮಾತ ಬರಂಗಿಲ್ರಿ" ಎಂದರು.

ತೋಳಿನ ಬಲಕ್ಕೆಂದು ಜೋಳ ತುಂಬಿದ ಸಣ್ಣ ಚೀಲಗಳನ್ನು ಹೊಲಿಸಿ ತಂದಿದ್ದರು. ತಿಂಗಳೊಳಗೆ ರಾಚಪ್ಪಜ್ಜ ತಮ್ಮ ಚೀಲವನ್ನು ಹೂವಿನ ಹಾಗೆ ಎತ್ತಿ ಇಳಿಸುವುದನ್ನು ಕಂಡು ಮಾಸ್ತರರು ಎಲ್ಲರೆದುರು ಹೊಗಳಿದರು. ಒಂದು ಮುಂಜಾನೆ ಅಜ್ಜ ಕಟ್ಟೆಯ ಮೇಲೆ ಕುಳಿತು, ಚೀಲದ ಮೂಲೆಯ ಹೊಲಿಗೆ ಬಿಚ್ಚಿ, ಗುಬ್ಬಿಗಳಿಗೆ ಜೋಳ ಚೆಲ್ಲುತ್ತಿದ್ದರು. ಮಾಸ್ತರರು ಚೀಲವನ್ನು ತೆಗೆದುಕೊಂಡು ತೂಗಿ ನೋಡಿದರು. ಮರುದಿನ ಎಲ್ಲ ಚೀಲಗಳಲ್ಲೂ ಮರಳಿತ್ತು. ಹೊಗಳಿದ್ದನ್ನು ಮಾತ್ರ ಅವರು ವಾಪಸು ಪಡೆಯಲಿಲ್ಲ.

ಹೆಂಗಸರದ್ದು ಬೇರೆಯೇ ಕಥೆ. ಮೊದಲನೆಯದಾಗಿ ಅವರು ಕುರ್ಚಿಯ ಮೇಲೆ ಕೂಡುತ್ತಿರಲಿಲ್ಲ. ಗಂಡಸರೆದುರು, ಅದೂ ಮಾಸ್ತರರೆದುರು ಕುರ್ಚಿಯ ಮೇಲೆ ಕೂಡುವುದುಂಟೇ? ಎಲ್ಲರೂ ಚಾಪೆಯ ಮೇಲೆ, ತಲೆತುಂಬ ಸೆರಗು ಹೊದ್ದು. "ಎರಡೂ ಕೈ ಮ್ಯಾಲೆತ್ರಿ" ಎಂದರೆ ಹನ್ನೊಂದು ಹೆಂಗಸರಿಂದ ಹನ್ನೊಂದೇ ಕೈ ಏಳುತ್ತಿದ್ದವು.

"ಇನ್ನೊಂದು ಕೈ ಎಲ್ಲೈತ್ರಿ?"

"ಸೆರಗ ಹಿಡದೈತ್ರಿ."

ಮಾಸ್ತರರು ಒಂದು ವಾರ ಈ ಹನ್ನೊಂದು ಕೈಗಳನ್ನು ನೋಡಿದರು. ಆಮೇಲೆ ಒಂದು ದಿನ, "ರೊಟ್ಟಿ ಬಡೀವಾಗ ಸೆರಗ ಯಾರ ಹಿಡೀತಾರ್ರಿ?" ಎಂದರು. ಹೆಂಗಸರು ಮುಸಿಮುಸಿ ನಕ್ಕರು. ಸೆರಗು ನಡುವಿಗೆ ಸಿಗಿಸಿ, ಇಲ್ಲದ ಹಿಟ್ಟು ನಾದಿ, ಇಲ್ಲದ ರೊಟ್ಟಿ ಬಡಿಯಲು ಆರಂಭಿಸಿದರು. ಬೀಸುಕಲ್ಲು ತಿರುವಿದರು, ಮಜ್ಜಿಗೆ ಕಡೆದರು. ತೊರವಿಯಿಂದ ಬರುವ ಬಸ್ಸಿನ ಪ್ರಯಾಣಿಕರಿಗೆ, ಹನ್ನೊಂದು ಮುದುಕಿಯರು ಬರಿಗೈಯಲ್ಲಿ ಅಡುಗೆ ಮಾಡುವುದೂ ಖಾಕಿ ಪ್ಯಾಂಟಿನ ಒಬ್ಬ ಬಿಳಿಮೀಸೆಯವರು ಗೋಡೆಗೆ ಮುಖ ಮಾಡಿ ನಿಂತಿರುವುದೂ ದಿನಾ ಕಾಣುತ್ತಿತ್ತು.

ಗೋಡೆಗೆ ಮುಖ ಏಕೆಂದರೆ, ಅವರು ನೋಡುತ್ತಿದ್ದರೆ ಆ ಕೈಗಳು ಮತ್ತೆ ಸೆರಗಿಗೆ ಹೋಗುತ್ತಿದ್ದವು. ಹಾಗಾಗಿ ಹೆಂಗಸರಿಗೆ ಕಲಿಸುವಾಗ ಅವರು ಮೊದಲು ಎಲ್ಲವನ್ನೂ ತಾವೇ ಮಾಡಿ ತೋರಿಸಿ, ಆಮೇಲೆ ಬೆನ್ನು ತಿರುಗಿಸಿ ನಿಲ್ಲುವರು. ಅವರ ಬದಲು ನೋಡುವುದು ನನ್ನ ಕೆಲಸ. ಆದರೆ ಅವರು ಕಿವಿಯಿಂದಲೇ ನನಗಿಂತ ಹೆಚ್ಚು ಕಾಣುತ್ತಿದ್ದರು. "ಬಲಗಡೆ ಯಾರೋ ಉಸಿರ ಹಿಡದಾರ, ಬಿಡಾಕ ಹೇಳ್ರಿ" ಎಂದು ಗೋಡೆಗೆ ಹೇಳುವರು. ನಾನು ಬಲಗಡೆ ನೋಡಿದರೆ ಹೌದು, ಗೌರವ್ವ ಕೆನ್ನೆ ಉಬ್ಬಿಸಿಕೊಂಡು ಕುಳಿತಿರುತ್ತಿದ್ದಳು.

ಗೌರವ್ವನೂ ಹೊನವಾಡದವಳೇ. ಎಪ್ಪತ್ತು ದಾಟಿದ ವಿಧವೆ, ಮಾತು ಕಡಿಮೆ. ಆ ವರ್ಷ ಆಕೆಗೆ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಳು. ಜ್ವರ ಬಿಟ್ಟಿತು, ಕಾಲಿನ ಬಲವನ್ನು ತೆಗೆದುಕೊಂಡು ಹೋಯಿತು. ನೆಲದಿಂದ ಏಳಲು ನಾನು ಕೈಕೊಡಬೇಕಾಯಿತು. ಮ್ಯಾನೇಜರರು ಹಿಂದಿನ ಕೋಣೆಯ ಪಟ್ಟಿಯಲ್ಲಿ ಆಕೆಯ ಹೆಸರು ಬರೆದರು. ಪಂಚರು ಬರಲು ಇಪ್ಪತ್ತು ದಿನ ಉಳಿದಿತ್ತು.

ಅಂದು ಗೌರವ್ವ ನನ್ನ ಮುಂಗೈ ಹಿಡಿದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಯವ್ವಾ, ಸಾಯಾಕ ನನಗೇನ ಅಂಜಿಕಿಲ್ಲ. ಆದರ ಆ ಆಳಮಗ ನನ್ನ ಎತ್ತಬಾರದು ನೋಡ. ನನ್ನ ಗಂಡ ಸತ್ತಮ್ಯಾಲ ಒಬ್ಬ ಗಂಡಸ ನನ್ನ ಮುಟ್ಟಿಲ್ಲ."

ಇದನ್ನು ನಾನು ಮಾಸ್ತರರಿಗೆ ಹೇಳಿದೆ. ಅವರು ಮೀಸೆಯ ಮೇಲೆ ಕೈಯಾಡಿಸಿ, "ಇಪ್ಪತ್ತ ದಿನ" ಎಂದರು. ಆಮೇಲೆ ಚಾಪೆಯ ಮೇಲೆ ಕುಳಿತು, ಪಕ್ಕಕ್ಕೆ ವಾಲಿ, ಎರಡೂ ಅಂಗೈ ಊರಿ, ಕೂಸಿನ ಹಾಗೆ ಅಂಬೆಗಾಲಿಗೆ ಬಂದು, ಒಂದು ಪಾದ ಮುಂದಿಟ್ಟು, ಮೊಣಕಾಲಿನ ಮೇಲೆ ಕೈ ಕೊಟ್ಟು ನಿಧಾನವಾಗಿ ಎದ್ದು ತೋರಿಸಿದರು. ಅರವತ್ತರ ಹತ್ತಿರದ ಮನುಷ್ಯ, ಊರಲ್ಲಿ ನಾಲ್ಕು ಜನ ಎದ್ದುನಿಂತು ನಮಸ್ಕಾರ ಮಾಡುವ ಮಾಸ್ತರರು, ಒಬ್ಬ ಮುದುಕಿಗಾಗಿ ಏಳೆಂಟು ಸಲ ಅಂಬೆಗಾಲಿಟ್ಟರು. ನಗಬೇಕೆನಿಸಿತು, ನಗು ಬರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ, "ಹೂಂ, ಅವರಿಗೆ ಹೇಳ್ರಿ" ಎಂದರು.

ಗೌರವ್ವ ಏಳಲಿಲ್ಲ. ಎರಡೂ ಅಂಗೈ ಊರಬೇಕು, ಒಂದು ಕೈ ಸೆರಗಿನಲ್ಲಿತ್ತು. ಕಾರಣ ಮಾಸ್ತರರಲ್ಲ, ಪಡಸಾಲೆಯ ಆ ತುದಿಯಲ್ಲಿ ಕುರ್ಚಿಯ ಮೇಲಿದ್ದ ರಾಚಪ್ಪಜ್ಜ. ಒಂದೇ ಊರಿನವರು, ವರಸೆಯಲ್ಲಿ ಆಕೆಗೆ ಭಾವನಾಗಬೇಕು. ಉಳಿದ ಗಂಡಸರು ಆ ಹೊತ್ತಿಗೆ ಅಂಗಳಕ್ಕೆ ಹೋಗುತ್ತಿದ್ದರು, ಕಣ್ಣು ಕಾಣದವರೆಂದು ಅಜ್ಜನನ್ನು ಮಾತ್ರ ಯಾರೂ ಎಬ್ಬಿಸುತ್ತಿರಲಿಲ್ಲ.

"ಅಜ್ಜಗ ಕಣ್ಣ ಕಾಣಂಗಿಲ್ಲ ಗೌರವ್ವಾ" ಎಂದೆ.

"ಅವರಿಗಿ ಕಾಣಂಗಿಲ್ಲ. ನನಗ ಕಾಣತೈತಲ್ಲ" ಎಂದಳು.

ಮಾಸ್ತರರು ಹೋಗಿ ರಾಚಪ್ಪಜ್ಜನ ಕುರ್ಚಿಯನ್ನು ಅಜ್ಜನ ಸಮೇತ ಗೋಡೆಯ ಕಡೆ ತಿರುಗಿಸಿದರು. "ಯಾಕ್ರಿ?" ಎಂದರು ಅಜ್ಜ. "ಗಾಳಿ ಈ ಕಡೆ ಛಲೋ ಐತ್ರಿ" ಎಂದರು ಮಾಸ್ತರರು. ಅಂದಿನಿಂದ ದಿನವೂ ಇಬ್ಬರು ಗಂಡಸರು ಗೋಡೆ ನೋಡುತ್ತಿದ್ದರು, ಗೌರವ್ವ ಏಳಲು ಕಲಿಯುತ್ತಿದ್ದಳು. ಮೊದಲ ವಾರ ಅಂಬೆಗಾಲಿನವರೆಗೆ. ಎರಡನೆಯ ವಾರ ಕುರ್ಚಿ ಹಿಡಿದು. ಹದಿನೆಂಟನೆಯ ದಿನ ಏನೂ ಹಿಡಿಯದೆ, ನಡುಗುತ್ತ, ಒಮ್ಮೆ.

ಪಂಚರು ಬಂದರು. ಅಧ್ಯಕ್ಷರು ಕಾಳುಕಡಿ ಮಾರಿಕೊಡುವ ಅಡತಿ ಅಂಗಡಿಯ ಮಾಲಕರು, ದೊಡ್ಡ ಕುಳ. ಪಟ್ಟಿ ಓದುವಾಗ ಗೌರವ್ವನ ಹೆಸರು ಬಂದಿತು. ಮಾಸ್ತರರು ಮುಂದೆ ಬಂದು, "ಅವರು ತಾವಽ ಏಳತಾರ್ರಿ, ಹಿಂದ ಹಾಕೂದ ಬ್ಯಾಡ" ಎಂದರು.

"ಏಳಲಿ, ನೋಡೂಣು" ಎಂದರು ಅಧ್ಯಕ್ಷರು.

ಚಾಪೆಯ ಮೇಲೆ ಗೌರವ್ವ ತಲೆ ತಗ್ಗಿಸಿ ಕುಳಿತಿದ್ದಳು. ಎದುರಿಗೆ ನಾಲ್ಕು ಜನ ಪಂಚರು, ಮ್ಯಾನೇಜರರು, ಬಾಗಿಲಲ್ಲಿ ಆ ಆಳು. ಕೈ ಸೆರಗು ಬಿಡಲಿಲ್ಲ.

"ಸ್ವಲ್ಪ ಆ ಕಡೆ ಮುಖ ಮಾಡ್ರಿ" ಎಂದರು ಮಾಸ್ತರರು.

"ಮಾಸ್ತರ, ನೋಡಾಕಂತ ಬಂದೀವಿ. ಮುಖ ತಿರುವಿದರ ಹ್ಯಾಂಗ ನೋಡೂದು?"

ನ್ಯಾಯವಾದ ಪ್ರಶ್ನೆ. ಮಾಸ್ತರರು ಎದೆ ತುಂಬ ಉಸಿರು ತೆಗೆದುಕೊಂಡು, ಆ ಮನೆಯಲ್ಲಿ ಮೊದಲ ದಿನದ ನಂತರ ಯಾರೂ ಕೇಳಿರದ ದನಿಯಲ್ಲಿ ಕೂಗಿದರು. "ಸಾವಧಾನ್! ಪೀಛೇ ಮುಡ್!"

ಅಧ್ಯಕ್ಷರು ತಿರುಗಿದರು. ಅವರು ತಿರುಗಬೇಕೆಂದು ತಿರುಗಿದ್ದಲ್ಲ, ಅವರ ಕಾಲು ತಿರುಗಿದವು. ಸಣ್ಣವರಿದ್ದಾಗ ಆರು ವರ್ಷ ಇದೇ ದನಿಗೆ ತಿರುಗಿದ ಕಾಲು ಅವು. ಅವರು ತಿರುಗಿದ ಮೇಲೆ ಉಳಿದ ಪಂಚರು ನಿಂತಾರೆಯೇ? ಮ್ಯಾನೇಜರರೂ ತಿರುಗಿದರು, ಆಳೂ ತಿರುಗಿದ. ಕೊನೆಗೆ ಮಾಸ್ತರರು ತಾವೂ ತಿರುಗಿ ನಿಂತರು. ರಾಚಪ್ಪಜ್ಜ ಮೊದಲೇ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಆಜ್ಞೆ ಕೇಳಿದ್ದೇ ತಡ, ಕುರ್ಚಿ ಹಿಡಿದು ಶಿಸ್ತಾಗಿ ಎದ್ದು, ಹಿಂದೆ ತಿರುಗಿ, ನೇರವಾಗಿ ಗೌರವ್ವನ ಕಡೆ ಮುಖ ಮಾಡಿ ನಿಂತರು.

ಇಡೀ ಪಡಸಾಲೆಯಲ್ಲಿ ಇತ್ತ ನೋಡುತ್ತಿರುವ ಗಂಡಸು ಒಬ್ಬನೇ, ಆತ ಭಾವ. ಗೌರವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಸೆರಗು ಬಿಟ್ಟಳು. ಅಂಗೈ ಊರಿದಳು. ಕಣ್ಣು ಮುಚ್ಚಿ ಏಳುವುದನ್ನು ನಾವು ಯಾರಿಗೂ ಕಲಿಸಿರಲಿಲ್ಲ, ಕಲಿಸುವಂಥದ್ದೂ ಅಲ್ಲ. ಪಾದ ಮುಂದೆ ಬಂತು. ಅರ್ಧಕ್ಕೆ ಬಂದಾಗ ಇಡೀ ಮೈ ಒಂದು ಪಕ್ಕಕ್ಕೆ ಹೊಯ್ದಾಡಿತು. ನನ್ನ ಕೈ ಮುಂದೆ ಹೋಯಿತು. ಕಣ್ಣು ತೆರೆಯದೆಯೇ, "ಮುಟ್ಟಬ್ಯಾಡವಾ" ಎಂದಳು. ನಾನು ಕೈ ಹಿಂದೆ ತೆಗೆದುಕೊಂಡೆ. ನರ್ಸಾಗಿ ಅದು ತಪ್ಪು. ಇವತ್ತಿಗೂ ತಪ್ಪೆಂದೇ ಹೇಳುತ್ತೇನೆ. ಗೌರವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕಣ್ಣು ತೆರೆದಳು.

"ಬಾಯಾರ?" ಎಂದರು ಮಾಸ್ತರರು, ತಿರುಗದೆ.

"ಎದ್ದಾರ್ರಿ" ಎಂದೆ.

ಎಲ್ಲರೂ ತಿರುಗಿದರು. ಅಧ್ಯಕ್ಷರ ಮುಖ ಕೆಂಪಾಗಿತ್ತು. "ಈ ನರ್ಸಬಾಯಿ ಕೈ ಕೊಟ್ಟಿರಬೇಕು. ನಾವೇನ ನೋಡಿಲ್ಲಲ್ಲ" ಎಂದರು.

"ನಾ ಈ ಕಡೇನ ಮುಖ ಮಾಡಿದ್ದೆ" ಎಂದರು ರಾಚಪ್ಪಜ್ಜ, ಪೊರೆ ಬಂದ ಎರಡೂ ಕಣ್ಣನ್ನು ಅಧ್ಯಕ್ಷರ ದನಿಯ ಕಡೆ ಅರಳಿಸಿ. "ಯಾರೂ ಕೈ ಕೊಟ್ಟಿಲ್ಲ. ತಾನಽ ಎದ್ದಾಳ."

ಆ ಕಣ್ಣುಗಳನ್ನು ಅಧ್ಯಕ್ಷರು ಬಹಳ ಹೊತ್ತು ನೋಡಿದರು. ಹಿರಿಯನ ಸಾಕ್ಷಿ, ಸುಳ್ಳೆನ್ನುವ ಹಾಗಿರಲಿಲ್ಲ. ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದರು. ಗೌರವ್ವ ಮುಂದಿನ ಪಡಸಾಲೆಯಲ್ಲಿ ಇನ್ನೂ ಮೂರು ವರ್ಷ ಇದ್ದಳು. ಆಕೆಯನ್ನು ಗಂಡಸರು ಎತ್ತಿದ್ದು ಒಂದೇ ಸಲ, ಅದು ಆಕೆಗೆ ಗೊತ್ತಾಗಲಿಲ್ಲ.

ಆದರೆ ಅಧ್ಯಕ್ಷರು ಒಂದು ಕೂಗಿಗೆ ಗಿರಕ್ಕನೆ ತಿರುಗಿದ ಸುದ್ದಿ ಆಳಿನ ಬಾಯಿಂದ ಪೇಟೆಗೆ ಹೋಯಿತು. ಅಡತಿ ಅಂಗಡಿಯ ಹಮಾಲರು ಅವರ ಬೆನ್ನ ಹಿಂದೆ ಮೆಲ್ಲಗೆ "ಪೀಛೇ ಮುಡ್" ಅನ್ನುತ್ತಿದ್ದರಂತೆ. ವಾರದೊಳಗೆ ಕಾಗದ ಬಂದಿತು, ವ್ಯಾಯಾಮದ ಮಾಸ್ತರರು ಸದ್ಯಕ್ಕೆ ಬೇಕಾಗಿಲ್ಲವೆಂದು. ಮ್ಯಾನೇಜರರಿಗೆ ಅದನ್ನು ಹೇಳುವ ಧೈರ್ಯವಾಗದೆ ನನ್ನ ಕೈಗೆ ಕೊಟ್ಟರು.

ಮುಂದೆ ನನಗೆ ತಿಕೋಟಾದ ದವಾಖಾನೆಯಲ್ಲಿ ಕೆಲಸವಾಯಿತು, ಮದುವೆಯಾಯಿತು. ಮಾಸ್ತರರು ತೀರಿಕೊಂಡದ್ದು ನನಗೆ ತಿಳಿಯುವಾಗ ತಿಂಗಳು ಕಳೆದಿತ್ತು. ಹಾಗಾಗಿ ನಾನು ಅವರನ್ನು ಕಡೆಯ ಸಲ ಕಂಡದ್ದು ಆ ಕಾಗದ ಕೊಟ್ಟ ಸೋಮವಾರವೇ. ಅವರು ಗೇಟಿನಲ್ಲಿ ನಿಂತೇ ಕಾಗದ ಓದಿ, ಮಡಿಸಿ ಜೇಬಿಗೆ ಹಾಕಿದರು. ನನಗೆ ಸಿಟ್ಟು ಉಕ್ಕುತ್ತಿತ್ತು. ಅವರಿಗೆ ಸಿಟ್ಟಿರಲಿಲ್ಲ. "ಅಂವ ಸಾಲ್ಯಾಗೂ ಹಂಗಽ ಇದ್ದ. ತಿರುಗಂದರ ತಿರುಗತಿದ್ದ, ಮನಿಗಿ ಹೋಗಿ ಅಳತಿದ್ದ" ಎಂದರು. ಆಮೇಲೆ ಒಬ್ಬೊಬ್ಬರ ಬಗ್ಗೆಯೂ ಹೇಳಿದರು. ಯಾರಿಗೆ ಎಡಮೊಣಕಾಲು ನೋವು, ಯಾರು ತಲೆ ತಿರುಗಿದರೂ ಹೇಳುವುದಿಲ್ಲ, ಯಾರ ಚೀಲದಲ್ಲಿ ಮರಳು ಕಡಿಮೆ ಮಾಡಬೇಕು. "ನೀವ ನಡಸ್ರಿ. ಕಾಗದದಾಗ ಮಾಸ್ತರ ಬ್ಯಾಡ ಅಂತ ಬರದಾರ, ಬಾಯಾರ ಬ್ಯಾಡ ಅಂತ ಬರದಿಲ್ಲ."

ಸೈಕಲ್ ತಿರುಗಿಸುವಷ್ಟರಲ್ಲಿ ಹಿಂದಿನಿಂದ, "ಮಾಸ್ತರ ನಿಲ್ಲಾಕ ಹೇಳವಾ" ಎಂಬ ದನಿ ಕೇಳಿತು. ಗೌರವ್ವ ಗೋಡೆ ಹಿಡಿದು ಗೇಟಿನವರೆಗೆ ಬಂದಿದ್ದಳು. ಮಾಸ್ತರರೊಂದಿಗೆ ಆಕೆ ಅಲ್ಲಿಯವರೆಗೆ ಒಂದು ಮಾತೂ ನೇರವಾಗಿ ಆಡಿದವಳಲ್ಲ. ಗೇಟಿನ ಪಕ್ಕದ ಹಾಸುಗಲ್ಲಿನ ಮೇಲೆ ಮೆಲ್ಲಗೆ ಕುಳಿತಳು. ಏನಾಗುತ್ತಿದೆಯೆಂದು ತಿಳಿದ ಮಾಸ್ತರರು ಥಟ್ಟನೆ ರಸ್ತೆಯ ಕಡೆ ಮುಖ ಮಾಡಿದರು.

"ಈ ಕಡೆ ನೋಡ್ರಿ ಮಾಸ್ತರ" ಎಂದಳು ಗೌರವ್ವ. "ಕಲಿಸಿದವರು ನೀವು, ನೀವಽ ನೋಡಿಲ್ಲ."

ಮಾಸ್ತರರು ಕೂಡಲೇ ತಿರುಗಲಿಲ್ಲ. ಸೈಕಲ್ಲನ್ನು ಗೇಟಿಗೆ ಆನಿಸಿದರು. ಆಮೇಲೆ ತಿರುಗಿದರು. ಗೌರವ್ವ ಸೆರಗನ್ನು ತಲೆಯಿಂದ ಇಳಿಸಿ ನಡುವಿಗೆ ಸಿಗಿಸಿದಳು. ಬಿಸಿಲಲ್ಲಿ ನರೆತ ಬರಿತಲೆ. ಪಕ್ಕಕ್ಕೆ ವಾಲಿ, ಎರಡೂ ಅಂಗೈ ಊರಿ, ಅಂಬೆಗಾಲಿಗೆ ಬಂದು, ಪಾದ ಮುಂದಿಟ್ಟು, ಕಣ್ಣು ತೆರೆದೇ ಎದ್ದು ನಿಂತಳು. ಅಷ್ಟು ಹೊತ್ತೂ ಮಾಸ್ತರರ ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು.

"ಕಡೀಕ ಉಸಿರ ಹಿಡದ್ರಿ" ಎಂದರು. "ಹಿಡೀಬ್ಯಾಡ್ರಿ."

"ಆತ್ರಿ" ಎಂದಳು ಗೌರವ್ವ.

ಅವರು ನನಗೊಂದು ನಮಸ್ಕಾರ, ಆಕೆಗೊಂದು ನಮಸ್ಕಾರ ಮಾಡಿ ಊರಿನ ಕಡೆ ಹೊರಟರು. ದಾರಿ ಸಪಾಟಾಗಿತ್ತು, ಎದುರುಗಾಳಿಯೂ ಇರಲಿಲ್ಲ. ನಾವಿಬ್ಬರೂ ನೋಡುತ್ತಿದ್ದಷ್ಟು ಹೊತ್ತೂ ಅವರು ಸೈಕಲ್ ಹತ್ತಲಿಲ್ಲ.